ಬಾಗಿಲು ತೆರೆಯುವ ಅಧಿಕಾರ

(ದತ್ತಿ ಉಪನ್ಯಾಸದ ಪೂರ್ಣಪಾಠ)



ಕ್ರೈಸ್ತ ನಂಬಿಕೆಯನ್ನು ದಿನನಿತ್ಯದಲ್ಲಿ ಬಾಳುವ ಬಗೆ ಯಾವುದು ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ಕೇಳಿದರು. ವಿಷಯ ಬಹಳ ಹರವಾದದ್ದು. ನಾನು ಅದರಿಂದ ಒಂದೇ ಎಳೆಯನ್ನು ಹಿಡಿದುಕೊಂಡಿದ್ದೇನೆ. ನಮ್ಮಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಒಂದಿಷ್ಟು ಅಧಿಕಾರವಿದೆ. ಮನೆಯ ಬೀಗದ ಕೈ, ಊಟದ ಮನೆಯಲ್ಲಿ ಇನ್ನೊಂದು ಎಲೆ ಹಾಕಿಸುವ ಹಕ್ಕು, ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಸೇರಿಸುವ ಅವಕಾಶ, ಪರಿಚಯದವರಿಗೆ ಒಂದು ಫೋನು ಮಾಡಿ ‘ಇವರು ನಮ್ಮವರು, ನೋಡಿಕೊಳ್ಳಿ’ ಎನ್ನುವ ಮಾತು. ಇದನ್ನು ನಾವು ಅಧಿಕಾರವೆಂದು ಎಣಿಸುವುದೇ ಇಲ್ಲ. ನಂಬಿಕೆಯ ಪರೀಕ್ಷೆ ನಡೆಯುವುದು ಮಾತ್ರ ಇಲ್ಲಿಯೇ ಎಂಬುದು ನನ್ನ ವಾದ. ಆ ಅಧಿಕಾರವನ್ನು ಬಂದವರಿಂದ ಏನನ್ನೂ ಬಯಸದೆ ಬಳಸಬೇಕು ಎಂಬುದು ಆ ವಾದದ ಇನ್ನೊಂದು ಅರ್ಧ.

ಮೊದಲಿಗೆ ವಿರೋಧಿಯೊಬ್ಬನ ಸಾಕ್ಷ್ಯ. ಕ್ರಿ.ಶ. 361ರಿಂದ 363ರವರೆಗೆ ರೋಮ್ ಸಾಮ್ರಾಜ್ಯವನ್ನು ಆಳಿದ ಜೂಲಿಯನ್ ಕ್ರೈಸ್ತನಾಗಿ ಬೆಳೆದವನು. ಆ ಮತವನ್ನು ತೊರೆದು ಹಳೆಯ ದೇವತಾರಾಧನೆಯನ್ನು ಮತ್ತೆ ನೆಲೆಗೊಳಿಸಲು ಹೊರಟವನು. ಗಲಾತ್ಯ ಪ್ರಾಂತದ ಪ್ರಧಾನ ಅರ್ಚಕ ಅರ್ಸಾಕಿಯಸ್‌ಗೆ ಅವನು ಬರೆದ ಪತ್ರವೊಂದು ಉಳಿದಿದೆ. ಕ್ರೈಸ್ತರು ಬೆಳೆಯುತ್ತಿರುವುದಕ್ಕೆ ಅವನು ಅದರಲ್ಲಿ ಕಾರಣಗಳನ್ನು ಹುಡುಕುತ್ತಾನೆ. ಅವನು ಮೊದಲು ಹೆಸರಿಸುವುದು ಸಿದ್ಧಾಂತವನ್ನಲ್ಲ, ಅಪರಿಚಿತರಿಗೆ ಅವರು ಮಾಡುವ ಉಪಚಾರವನ್ನು. ಅವರು ತಮ್ಮ ಬಡವರಿಗೆ ಮಾತ್ರವಲ್ಲ, ನಮ್ಮ ಬಡವರಿಗೂ ಅನ್ನ ಹಾಕುತ್ತಿದ್ದಾರೆ, ಇದು ನಮಗೆ ನಾಚಿಕೆಗೇಡು ಎಂದು ಬೇಸರಪಡುತ್ತಾನೆ. ಅದಕ್ಕೆ ಅವನು ಕಂಡುಕೊಂಡ ಪರಿಹಾರ, ಊರೂರಿನಲ್ಲಿ ಛತ್ರಗಳನ್ನು ಕಟ್ಟಿಸುವುದು. ಗಲಾತ್ಯಕ್ಕೆಂದೇ ವರ್ಷಕ್ಕೆ 30,000 ಅಳತೆ ಧಾನ್ಯ, 60,000 ಅಳತೆ ದ್ರಾಕ್ಷಾರಸ ಮಂಜೂರು ಮಾಡುತ್ತಾನೆ. ಚಕ್ರವರ್ತಿಯ ಬೊಕ್ಕಸಕ್ಕೆ ಅದೇನೂ ಭಾರವಲ್ಲ. ಆದರೆ ಅವನು ಸರಿಗಟ್ಟಲು ಹೊರಟದ್ದು ಉಗ್ರಾಣಗಳನ್ನಲ್ಲ, ಮನೆಗಳನ್ನು. ಉಗ್ರಾಣಕ್ಕೆ ಆಜ್ಞೆ ಹೊರಡಿಸಬಹುದು, ಮನೆಯ ಕದಕ್ಕೆ ಆಗುವುದಿಲ್ಲ.

ಅಂಥ ಮನೆಗಳು ಮೊದಲು ಯಾರವಾಗಿದ್ದವು ಎಂದು ಹುಡುಕಿದರೆ ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಸಾಧಾರಣ ಜನ ಸಿಗುತ್ತಾರೆ. ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಗಟ್ಟಿದಾಗ ಊರು ಬಿಟ್ಟ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಕೊರಿಂಥಕ್ಕೆ ಬಂದು ಗುಡಾರ ಹೊಲಿಯುವ ಕಸುಬಿನಲ್ಲಿ ಹೊಟ್ಟೆ ಹೊರೆಯುತ್ತಿದ್ದರು. ಅಪೊಸ್ತಲ ಪೌಲನೂ ಅದೇ ಕಸುಬಿನವನು. ಅವರ ಮನೆಯಲ್ಲೇ ಇಳಿದುಕೊಂಡ. ನಿರಾಶ್ರಿತರೇ ಇಲ್ಲಿ ಆಶ್ರಯದಾತರು. ನಮಗೇ ಸರಿಯಾದ ನೆಲೆಯಿಲ್ಲ, ಇನ್ನೊಬ್ಬರನ್ನು ಎಲ್ಲಿ ಇಟ್ಟುಕೊಳ್ಳೋಣ ಎಂಬ ನಮ್ಮ ಮಾಮೂಲು ಮಾತಿಗೆ ಈ ದಂಪತಿ ಅವಕಾಶವೇ ಕೊಡುವುದಿಲ್ಲ. ಫಿಲಿಪ್ಪಿಯಲ್ಲಿ ಧೂಮ್ರವರ್ಣದ ಬಟ್ಟೆಯ ವ್ಯಾಪಾರಿ ಲುದ್ಯಳ ಕಥೆ ಬೇರೆ. ಆಕೆ ಅನುಕೂಲಸ್ಥೆ, ಮನೆಯ ಯಜಮಾನಿ. ನಂಬಿದ ಮೇಲೆ ಆಕೆ ಮಾಡಿದ ಮೊದಲ ಕೆಲಸ ಪೌಲನನ್ನೂ ಜೊತೆಗಾರರನ್ನೂ ಒತ್ತಾಯ ಮಾಡಿ ಮನೆಗೆ ಕರೆದೊಯ್ದದ್ದು. ಮುಂದೆ ಪೌಲನೂ ಜೊತೆಗಾರ ಸೀಲನೂ ಸೆರೆಮನೆಯಿಂದ ಬಿಡುಗಡೆಯಾಗಿ ಬಂದದ್ದೂ ಅದೇ ಮನೆಗೆ. ಸೆರೆಯಿಂದ ಬಂದವರನ್ನು ಒಳಗೆ ಕರೆದರೆ ವ್ಯಾಪಾರಕ್ಕೆ ಏಟು ಬೀಳುತ್ತದೆ ಎಂಬುದು ಯಾವ ಕಾಲದ ವ್ಯಾಪಾರಿಗೂ ಗೊತ್ತಿರುವ ಲೆಕ್ಕ. ಆದರೂ ಆಕೆಯ ಬಾಗಿಲು ತೆರೆದಿತ್ತು.

ಮನೆಮನೆಯ ಈ ಸತ್ಕಾರ ಹೀಗೆಯೇ ಉಳಿಯಲಿಲ್ಲ. ಕ್ರೈಸ್ತ ಸಭೆಗೆ ಬಲ ಬಂತು, ಹಣ ಬಂತು, ಕಟ್ಟಡಗಳೂ ಬಂದವು. ಕೈಸರೈಯದ ಬಿಷಪ್ ಬೆಸಿಲ್ ಬರಗಾಲದ ಅನುಭವದ ಬಳಿಕ ಊರ ಹೊರಗೆ ರೋಗಿಗಳಿಗೆ, ಕುಷ್ಠರೋಗಿಗಳಿಗೆ, ಪ್ರಯಾಣಿಕರಿಗೆ ದೊಡ್ಡದೊಂದು ಆಶ್ರಯತಾಣವನ್ನೇ ಕಟ್ಟಿಸಿದ. ಅದು ಮಹತ್ವದ ಕೆಲಸ, ಸಂದೇಹವಿಲ್ಲ. ಆದರೆ ಒಂದು ತಲೆಮಾರು ಕಳೆಯುವಷ್ಟರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬಿಷಪ್ ಜಾನ್ ಕ್ರಿಸೊಸ್ತೋಮ್ ತನ್ನ ಸಭಿಕರನ್ನು ಗದರಿಸಬೇಕಾಯಿತು. ಸಭೆಯ ಛತ್ರ ಇದೆಯಲ್ಲ, ಅಪರಿಚಿತರನ್ನು ಅವರು ನೋಡಿಕೊಳ್ಳುತ್ತಾರೆ ಎಂದು ಜನ ಕೈತೊಳೆದುಕೊಳ್ಳತೊಡಗಿದ್ದರು. ಆತ ಹೇಳಿದ್ದರ ಸಾರ ಇಷ್ಟು: ಸಭೆ ಪ್ರಾರ್ಥಿಸುತ್ತದೆ ಎಂದು ನೀವು ಪ್ರಾರ್ಥನೆ ಬಿಡುತ್ತೀರಾ? ಹಾಗಿದ್ದರೆ ಇದನ್ನೇಕೆ ಬಿಡುತ್ತೀರಿ? ನಿಮ್ಮ ನಿಮ್ಮ ಮನೆಯಲ್ಲಿ ಒಂದು ಕೋಣೆ ಎತ್ತಿಡಿ. ಒಂದು ಮಂಚ, ಒಂದು ಮೇಜು, ಒಂದು ದೀಪ ಇಡಿ. ಅದು ಕ್ರಿಸ್ತನ ಕೋಣೆಯಾಗಲಿ. ಸುಮಾರು ಸಾವಿರದ ಆರುನೂರು ವರ್ಷ ಹಿಂದಿನ ಈ ಗದರಿಕೆ ನಮ್ಮ ನಗರಗಳ ದೊಡ್ಡ ದೊಡ್ಡ ಸಭೆಗಳಿಗೆ ಇಂದೂ ಅಕ್ಷರಶಃ ಅನ್ವಯಿಸುತ್ತದೆ. ಕಾಣಿಕೆ ಪೆಟ್ಟಿಗೆಗೆ ಹಾಕಿದ ನೋಟು ನಮ್ಮ ಬದಲಿಗೆ ಬಾಗಿಲು ತೆರೆಯುತ್ತದೆ ಎಂದು ನಾವು ನಂಬಿಕೊಂಡಿದ್ದೇವೆ.

ಈಗ ನಾನು ಬಹಳ ಹೊತ್ತು ನಿಲ್ಲಬೇಕೆಂದಿರುವ ಊರಿಗೆ ಬರುತ್ತೇನೆ. ದಕ್ಷಿಣ ಫ್ರಾನ್ಸಿನ ಬೆಟ್ಟದ ಮೇಲೆ, ಸುಮಾರು ಸಾವಿರ ಮೀಟರ್ ಎತ್ತರದಲ್ಲಿ ಲೆ ಶಾಂಬೋನ್ ಎಂಬ ಹಳ್ಳಿ ಇದೆ. ಚಳಿಗಾಲ ದೀರ್ಘ, ಬೇಸಾಯ ಕಷ್ಟ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಬಹುಪಾಲು ಜನ ಪ್ರಾಟೆಸ್ಟೆಂಟರಾಗಿದ್ದರು, ಹ್ಯೂಗೆನಾಟರೆಂಬ ಹಳೆಯ ಫ್ರೆಂಚ್ ಪ್ರಾಟೆಸ್ಟೆಂಟರ ವಂಶದವರು. 1685ರಲ್ಲಿ ಹದಿನಾಲ್ಕನೆಯ ಲೂಯಿ ಅವರ ಪೂಜಾ ಸ್ವಾತಂತ್ರ್ಯವನ್ನು ಕಿತ್ತುಕೊಂಡ ಮೇಲೆ ನೂರು ವರ್ಷ ಕಾಡುಮೇಡುಗಳಲ್ಲಿ ಅಡಗಿ ಆರಾಧನೆ ಮಾಡಿದವರ ಮೊಮ್ಮಕ್ಕಳು. ಬೆನ್ನಟ್ಟಿಸಿಕೊಳ್ಳುವುದೆಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇನ್ನೊಂದು ಸಂಗತಿಯನ್ನು ನಾವು ಮರೆಯುವಂತಿಲ್ಲ. ಬೇಸಿಗೆಯಲ್ಲಿ ತಂಪು ಹುಡುಕಿ ಬರುವವರಿಗೆ, ಗಾಳಿ ಬದಲಾವಣೆಗೆಂದು ಬರುವ ನಗರದ ಮಕ್ಕಳಿಗೆ ಕೋಣೆ ಬಾಡಿಗೆ ಕೊಡುವುದು ಆ ಊರಿನ ಜೀವನೋಪಾಯವಾಗಿತ್ತು. ಅತಿಥಿಗಳನ್ನು ಇಟ್ಟುಕೊಳ್ಳುವುದು ಅವರಿಗೆ ಕಸುಬಾಗಿತ್ತು. ಕಾಲ ಬಂದಾಗ ಅದೇ ಕಸುಬು ಅವರ ಸಾಕ್ಷಿಯಾಯಿತು.

1934ರಲ್ಲಿ ಆಂದ್ರೆ ತ್ರೋಕ್ಮೆ ಅಲ್ಲಿಗೆ ಸಭಾಪಾಲಕರಾಗಿ ಬಂದರು. ಯುದ್ಧವನ್ನು ಒಪ್ಪದವರು. 1938ರಲ್ಲಿ ಇನ್ನೊಬ್ಬ ಸಭಾಪಾಲಕ ಎದ್ವಾರ್ ತೈಸ್ ಅವರೊಡನೆ ಸೇರಿ ಅಲ್ಲೊಂದು ಪ್ರೌಢಶಾಲೆ ತೆರೆದರು. 1940ರ ಜೂನ್ 22ರಂದು ಫ್ರಾನ್ಸ್ ನಾಜಿ ಜರ್ಮನಿಗೆ ಶರಣಾಗಿ ಒಪ್ಪಂದಕ್ಕೆ ಸಹಿ ಹಾಕಿತು. ಮರುದಿನ ಭಾನುವಾರ. ಆ ದಿನದ ಪ್ರಸಂಗದಲ್ಲಿ ಇಬ್ಬರೂ ಹೇಳಿದ್ದು, ಮನಸ್ಸಾಕ್ಷಿಗೆ ವಿರುದ್ಧವಾದದ್ದನ್ನು ಮಾಡಲು ಯಾರು ಬಲವಂತ ಮಾಡಿದರೂ ಆತ್ಮದ ಆಯುಧಗಳಿಂದ ಎದುರಿಸುವುದು ಕ್ರೈಸ್ತನ ಕರ್ತವ್ಯ ಎಂದು. ಪ್ರಸಂಗಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಈ ಪ್ರಸಂಗ ಉಳಿದುಕೊಂಡದ್ದು ಅದನ್ನು ಅಡುಗೆಮನೆಗಳು ಕೇಳಿಸಿಕೊಂಡದ್ದರಿಂದ.

ಅದರಲ್ಲೂ ಒಂದು ಅಡುಗೆಮನೆ. ಆಂದ್ರೆಯವರ ಪತ್ನಿ ಮಾಗ್ದಾ ಇಟಲಿಯ ಫ್ಲಾರೆನ್ಸ್‌ನಲ್ಲಿ 1901ರಲ್ಲಿ ಹುಟ್ಟಿದವರು. ಸಭಾಪಾಲಕರ ಹೆಂಡತಿಯಿಂದ ಜನ ನಿರೀಕ್ಷಿಸುವ ಭಕ್ತಿಯ ಮಾತುಗಳು ಅವರಿಗೆ ಒಗ್ಗುತ್ತಿರಲಿಲ್ಲ. ಸಿದ್ಧಾಂತದ ಚರ್ಚೆಯಲ್ಲಿ ತಾಳ್ಮೆಯಿರಲಿಲ್ಲ. ಆ ಮೊದಲ ಚಳಿಗಾಲದಲ್ಲಿ, ಹಿಮ ಬೀಳುತ್ತಿದ್ದ ಒಂದು ಸಂಜೆ, ಜರ್ಮನಿಯಿಂದ ಓಡಿಬಂದಿದ್ದ ಒಬ್ಬ ಯೆಹೂದಿ ಹೆಂಗಸು ಬಾಗಿಲು ತಟ್ಟಿದಳು. ಮಾಗ್ದಾ ಒಳಗೆ ಬಾ ಎಂದರು, ಊಟ ಬಡಿಸಿದರು, ನೆನೆದ ಪಾದರಕ್ಷೆಗಳನ್ನು ಒಲೆಯ ಶಾಖಕ್ಕೆ ಇಟ್ಟರು. ಆಕೆಗೆ ಗುರುತಿನ ಪತ್ರ ಸಿಕ್ಕರೆ ಉಳಿದದ್ದು ಸುಲಭವಾಗುತ್ತದೆಂದು ನೇರವಾಗಿ ಊರ ಮುಖ್ಯಸ್ಥರಲ್ಲಿಗೆ ಹೋದರು. ಒಬ್ಬ ಪರದೇಶಿಗಾಗಿ ಊರನ್ನೇ ಅಪಾಯಕ್ಕೆ ನೂಕುತ್ತೀರಾ, ನಾಳೆ ಬೆಳಿಗ್ಗೆ ಅವಳನ್ನು ಕಳಿಸಿಬಿಡಿ ಎಂಬ ಉತ್ತರ ಬಂತು. ಮನೆಗೆ ಬಂದು ನೋಡಿದರೆ ಒಲೆಯಲ್ಲಿ ಪಾದರಕ್ಷೆಗಳು ಸುಟ್ಟುಹೋಗಿದ್ದವು. ಯುದ್ಧಕಾಲದಲ್ಲಿ ಹೊಸ ಜೋಡು ಎಲ್ಲಿಂದ ತರುವುದು? ಮನೆಮನೆ ಸುತ್ತಿ ಒಂದು ಜೊತೆ ಹುಡುಕಿ ತಂದರು. ಆ ಹೆಂಗಸನ್ನು ಮುಂದಿನ ಆಶ್ರಯಕ್ಕೆ ಕಳಿಸಿಕೊಟ್ಟರು. ಮುಖ್ಯಸ್ಥರ ಕಚೇರಿಯ ಮೊಹರಿನಿಂದ ಈ ಕೆಲಸ ಆಗುವುದಿಲ್ಲ, ಮನೆಗಳಿಂದಲೇ ಆಗಬೇಕು ಎಂಬುದು ಅಂದೇ ಗೊತ್ತಾಯಿತು.

ಮುಂದಿನ ನಾಲ್ಕು ವರ್ಷ ಆ ಬೆಟ್ಟದೂರಿಗೆ ಸಾವಿರಾರು ಜನ ಬಂದರು. ಬಹಳ ಮಂದಿ ಯೆಹೂದ್ಯರು, ಅವರಲ್ಲಿ ತುಂಬ ಮಕ್ಕಳು. ಕ್ವೇಕರ್ ಪಂಥದವರ ಸಂಘ, ಸ್ವಿಸ್ ಪರಿಹಾರ ಸಂಸ್ಥೆ ಹಣ ಕೊಟ್ಟು ಮಕ್ಕಳಿಗಾಗಿ ಮನೆಗಳನ್ನು ನಡೆಸಿದವು. ಉಳಿದವರು ಬಾಡಿಗೆ ಕೋಣೆಗಳಲ್ಲಿ, ಸುತ್ತಲಿನ ತೋಟದ ಮನೆಗಳಲ್ಲಿ ಇದ್ದರು. ಆ ತೋಟದ ಮನೆಗಳ ರೈತರಲ್ಲಿ ಹಲವರು ಮಾತೇ ಆಡದ ಕಟ್ಟುನಿಟ್ಟಿನ ಪಂಥದವರು. ಯಾರನ್ನು ಇಟ್ಟುಕೊಂಡಿದ್ದೇವೆಂದು ಪಕ್ಕದ ಮನೆಗೂ ಹೇಳುತ್ತಿರಲಿಲ್ಲ, ಪಕ್ಕದ ಮನೆಯವರೂ ಕೇಳುತ್ತಿರಲಿಲ್ಲ. ರೇಷನ್ ಕಾಲವದು. ಹೆಸರಿಗೊಂದು ಚೀಟಿ, ಚೀಟಿಗಿಷ್ಟು ರೊಟ್ಟಿ. ಚೀಟಿ ಇಲ್ಲದವನಿಗೆ ಊಟ ಹಾಕುವುದೆಂದರೆ ಮನೆಯವರ ಪಾಲನ್ನು ಕತ್ತರಿಸುವುದು, ಇಲ್ಲವೇ ಸುಳ್ಳು ಚೀಟಿ ತಯಾರಿಸುವುದು. ಆಸ್ಕರ್ ರೊಸೊವ್‌ಸ್ಕಿ ಎಂಬ ಹದಿಹರೆಯದ ಯೆಹೂದಿ ಹುಡುಗ ಒಬ್ಬ ರೈತನ ಮನೆಯಲ್ಲಿದ್ದುಕೊಂಡು ಅಂಥ ಪತ್ರಗಳನ್ನು ತಯಾರಿಸುತ್ತಿದ್ದ. ಅವನ್ನು ಜೇನುಪೆಟ್ಟಿಗೆಗಳಲ್ಲಿ ಬಚ್ಚಿಡುತ್ತಿದ್ದರು. ಸುಳ್ಳು ಪತ್ರದ ಬಗ್ಗೆ ಆ ಭಕ್ತ ಜನರ ಮನಸ್ಸಿನಲ್ಲಿ ತಳಮಳ ಇದ್ದೇ ಇತ್ತು. ನನಗೆ ಅವರ ತಳಮಳವೂ ಗೌರವಾರ್ಹ, ಅದನ್ನು ದಾಟಿ ಅವರು ಮಾಡಿದ ಕೆಲಸವೂ ಗೌರವಾರ್ಹ.

1942ರ ಜುಲೈಯಲ್ಲಿ ಪ್ಯಾರಿಸ್‌ನಲ್ಲಿ ಯೆಹೂದ್ಯರನ್ನು ಸಾವಿರಗಟ್ಟಲೆ ಹಿಡಿದರು. ಆಗಸ್ಟ್‌ನಲ್ಲಿ ಜರ್ಮನಿಗೆ ಮಣಿದ ಫ್ರಾನ್ಸಿನ ವಿಷಿ ಸರ್ಕಾರದ ಯುವಜನ ಇಲಾಖೆಯ ಮುಖ್ಯಸ್ಥ ಲಾಮಿರಾಂದ್ ಲೆ ಶಾಂಬೋನ್‌ಗೆ ಭೇಟಿ ಕೊಟ್ಟರು. ಶಾಲೆಯ ವಿದ್ಯಾರ್ಥಿಗಳು ಅವರ ಕೈಗೆ ಒಂದು ಪತ್ರ ಕೊಟ್ಟರು: ನಮ್ಮಲ್ಲಿ ಯೆಹೂದ್ಯರಿದ್ದಾರೆ, ನಾವು ಭೇದ ಮಾಡುವುದಿಲ್ಲ, ಅವರನ್ನು ಹಿಡಿಯಲು ಬಂದರೆ ಬಚ್ಚಿಡುತ್ತೇವೆ. ಪ್ರಾಂತದ ಅಧಿಕಾರಿ ತ್ರೋಕ್ಮೆಯವರನ್ನು ಯೆಹೂದ್ಯರ ಪಟ್ಟಿ ಕೇಳಿದಾಗ ಅವರು ಕೊಟ್ಟ ಉತ್ತರ, ಯೆಹೂದಿ ಯಾರೆಂದು ನಮಗೆ ಗೊತ್ತಿಲ್ಲ, ನಮಗೆ ಗೊತ್ತಿರುವುದು ಮನುಷ್ಯರು ಮಾತ್ರ ಎಂಬ ಅರ್ಥದ್ದು. ಕೆಲವು ದಿನಗಳಲ್ಲಿ ಪೊಲೀಸರು ಬಸ್ಸುಗಳನ್ನು ತಂದು ನಿಲ್ಲಿಸಿದರು. ಊರೆಲ್ಲ ಜಾಲಾಡಿದರು. ಜನ ಆಗಲೇ ಕಾಡು ಸೇರಿದ್ದರು. ಬಸ್ಸುಗಳು ಹೆಚ್ಚುಕಡಿಮೆ ಖಾಲಿಯೇ ಹಿಂತಿರುಗಿದವು.

1943ರ ಫೆಬ್ರವರಿ 13ರ ಸಂಜೆ ತ್ರೋಕ್ಮೆಯವರನ್ನು ಬಂಧಿಸಲು ಪೊಲೀಸರು ಮನೆಗೆ ಬಂದರು. ಅವರು ಮನೆಯಲ್ಲಿರಲಿಲ್ಲ, ಬಂದವರು ಕಾದರು. ಊಟದ ಹೊತ್ತಾಯಿತು. ಗಂಡ ಬಂದು ಬಟ್ಟೆಬರೆ ಕಟ್ಟಿಕೊಳ್ಳುವಾಗ ಮಾಗ್ದಾ ಆ ಪೊಲೀಸರನ್ನು ಊಟಕ್ಕೆ ಕರೆದರು. ನಿಮ್ಮ ಗಂಡನನ್ನು ಒಯ್ಯಲು ಬಂದವರಿಗೆ ಹೇಗೆ ಬಡಿಸಿದಿರಿ ಎಂದು ಜನ ಮುಂದೆ ಕೇಳಿದಾಗ, ಅವರಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. ಊಟದ ಹೊತ್ತು, ಮನೆಯಲ್ಲಿ ಜನ ಇದ್ದಾರೆ, ಎಲ್ಲರಿಗೂ ಹಸಿವಾಗಿದೆ. ಅದಕ್ಕಿಂತ ಹೆಚ್ಚಿನ ವಿವರಣೆ ಅವರಲ್ಲಿರಲಿಲ್ಲ. ಸುದ್ದಿ ಹರಡಿ ಊರವರು ಸಾಲುಗಟ್ಟಿ ಬಂದರು. ಮೇಣದಬತ್ತಿ, ಸಾರ್ಡೀನ್ ಮೀನಿನ ಡಬ್ಬಿ, ಹೀಗೆ ತಮ್ಮಲ್ಲಿ ಮಿಕ್ಕಿದ್ದನ್ನು ತಂದುಕೊಟ್ಟರು. ಅದನ್ನು ನೋಡಿ ಬಂಧಿಸಲು ಬಂದವರ ಕಣ್ಣೂ ಒದ್ದೆಯಾಯಿತು ಎನ್ನುತ್ತಾರೆ.

ತ್ರೋಕ್ಮೆ, ಅವರಂತೆಯೇ ಬಂಧಿತರಾದ ತೈಸ್ ಮತ್ತು ಊರಿನ ಸರ್ಕಾರಿ ಶಾಲೆಯ ಮುಖ್ಯಸ್ಥ ದಾರ್ಸಿಸಾಕ್ ಸುಮಾರು ಒಂದು ತಿಂಗಳು ಬಂಧನ ಶಿಬಿರದಲ್ಲಿದ್ದು ಬಿಡುಗಡೆಯಾದರು. ಎಲ್ಲರಿಗೂ ಆ ಭಾಗ್ಯ ಸಿಗಲಿಲ್ಲ. ಆಂದ್ರೆಯವರ ಸಂಬಂಧಿ, ಯುವ ಶಿಕ್ಷಕ ದಾನಿಯಲ್ ತ್ರೋಕ್ಮೆ ವಿದ್ಯಾರ್ಥಿಗಳ ಒಂದು ವಸತಿಗೃಹ ನೋಡಿಕೊಳ್ಳುತ್ತಿದ್ದರು. 1943ರ ಜೂನ್ 29ರಂದು ಜರ್ಮನ್ ಪೊಲೀಸರು ಅದಕ್ಕೆ ಮುತ್ತಿಗೆ ಹಾಕಿದಾಗ ಅವರು ಓಡಿಹೋಗಬಹುದಿತ್ತು, ಹೋಗಲಿಲ್ಲ. ತಮ್ಮ ಹುಡುಗರ ಜೊತೆ ನಿಂತರು. 1944ರ ಏಪ್ರಿಲ್‌ನಲ್ಲಿ ಮೈದಾನೆಕ್ ಶಿಬಿರದಲ್ಲಿ ಸತ್ತರು. ಊರಿನ ವೈದ್ಯ ರೋಜೆ ಲೆ ಫೊರೆಸ್ತಿಯೆ ಅವರನ್ನು ಅದೇ ವರ್ಷ ಆಗಸ್ಟ್‌ನಲ್ಲಿ ಲಿಯೋನ್ ಬಳಿ ಗುಂಡಿಕ್ಕಿ ಕೊಂದರು. ಅತಿಥಿ ಸತ್ಕಾರ ಎಂದಾಗ ನಮಗೆ ಕಾಫಿ, ತಿಂಡಿ, ನಗುಮುಖ ನೆನಪಾಗುತ್ತವೆ. ಅದಕ್ಕೆ ಇಂಥ ಬೆಲೆಯೂ ಇದೆ. 1990ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಲೆ ಶಾಂಬೋನ್ ಮತ್ತು ಸುತ್ತಲಿನ ಊರುಗಳ ಜನರೆಲ್ಲರನ್ನೂ ಒಟ್ಟಾಗಿ ಗೌರವಿಸಿತು.

ಈ ಊರಿನ ಕಥೆಯಲ್ಲಿ ನನ್ನನ್ನು ಹೆಚ್ಚು ಸೆಳೆಯುವ ಅಂಶವನ್ನು ಈಗ ಹೇಳುತ್ತೇನೆ. ಆ ಜನ ಬಂದವರನ್ನು ಕ್ರೈಸ್ತರನ್ನಾಗಿ ಮಾಡಲು ಹೊರಡಲಿಲ್ಲ. ಹೆತ್ತವರನ್ನು ಕಳೆದುಕೊಂಡ, ಯಾವ ಮಾತನ್ನಾದರೂ ಒಪ್ಪಿಕೊಳ್ಳುವಷ್ಟು ಹೆದರಿದ ಮಕ್ಕಳು ಅವರ ಕೈಯಲ್ಲಿದ್ದರು. ಅಂಥ ಹೊತ್ತಿನಲ್ಲಿ ಪ್ರಭಾವ ಬೀರುವುದು ಎಷ್ಟು ಸುಲಭ! ಅದನ್ನು ಅವರು ಬಳಸಲಿಲ್ಲ. ಯೇಸು ಸ್ವಾಮಿಯ ಮಾತನ್ನು ಅವರು ಪಾಲಿಸಿದ ರೀತಿ ಅದು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಹಸಿದವನಿಗೆ ಊಟ ಕೊಟ್ಟವರಿಗೆ ತಾವು ಯಾರಿಗೆ ಕೊಟ್ಟೆವೆಂಬುದೇ ತಿಳಿದಿರುವುದಿಲ್ಲ. ತಿಳಿದದ್ದು ಕೊನೆಯ ದಿನ. ಲೆಕ್ಕ ಇಟ್ಟುಕೊಂಡು ಬಡಿಸಿದವರು ಆ ಕಥೆಯಲ್ಲಿ ಇಲ್ಲ.

ಈ ಮಾತನ್ನು ನಮ್ಮ ನಾಡಿನಲ್ಲಿ, ಕ್ರೈಸ್ತರ ಸಭೆಯಲ್ಲಿ, ಒತ್ತಿ ಹೇಳುವುದು ನನಗೆ ಅಗತ್ಯವೆನಿಸುತ್ತದೆ. ನಮ್ಮ ಶಾಲೆ, ಆಸ್ಪತ್ರೆ, ಹಾಸ್ಟೆಲುಗಳ ಬಗ್ಗೆ ‘ಇದರ ಹಿಂದೆ ಏನಿದೆ’ ಎಂಬ ಸಂಶಯ ಹಲವರಲ್ಲಿದೆ. ಆ ಸಂಶಯಕ್ಕೆ ಭಾಷಣದಿಂದ ಉತ್ತರ ಕೊಡಲಾಗದು. ಬಂದವನು ಬಂದ ಹಾಗೆಯೇ, ತನ್ನ ದೇವರನ್ನು ತಾನು ಪೂಜಿಸಿಕೊಂಡೇ, ನಮ್ಮ ಮನೆಯಲ್ಲಿ ಉಂಡು ಹೋಗಬಲ್ಲ ಎಂಬುದು ಊರಿಗೆ ಗೊತ್ತಿದ್ದರೆ ಸಾಕು. ನನ್ನ ನಂಬಿಕೆ ಯಾವುದೆಂದು ಕೇಳಿದರೆ ಮುಚ್ಚಿಡದೆ ಹೇಳುತ್ತೇನೆ. ಆದರೆ ಊಟವನ್ನು ಅದಕ್ಕೆ ಪೀಠಿಕೆಯಾಗಿ ಬಳಸುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ದಾಸೋಹದಲ್ಲಿ ಕೊಡುವವನ ಅಹಂಕಾರವನ್ನೇ ತೆಗೆದುಹಾಕಲು ಯತ್ನಿಸಿದರು. ಆ ಪಾಠ ಕನ್ನಡದ ಕ್ರೈಸ್ತರಿಗೆ ಹೊರಗಿನದಲ್ಲ.

ನಮ್ಮ ಕರಾವಳಿಯ ಚರಿತ್ರೆಯಲ್ಲಿ ಇದರ ಇನ್ನೊಂದು ಮುಖ ಇದೆ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಮತ ಬದಲಿಸಿದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕುತ್ತಿದ್ದರು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕೋಲಾಹಲವೇ ಆಯಿತು. ಮನೆ ಕಳೆದುಕೊಂಡವರಿಗೆ ಮನೆ ಕೊಡುವ ಹೊಣೆ ಮಿಶನ್ನಿನ ಮೇಲೆ ಬಿತ್ತು. ಕೆಲಸ ಕಳೆದುಕೊಂಡವರಿಗೆ ಕೆಲಸವನ್ನೂ ಕೊಡಬೇಕಾಯಿತು. ನೇಯ್ಗೆ ಕಾರ್ಖಾನೆ ಬಂದದ್ದು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದದ್ದು ಈ ಅಗತ್ಯದಿಂದ. ಮಂಗಳೂರು ಹೆಂಚಿನ ಕೆಳಗೆ ಮಲಗುವ ನಮ್ಮಲ್ಲಿ ಹೆಚ್ಚಿನವರಿಗೆ ಅದರ ಮೂಲದಲ್ಲಿ ನೆಲೆ ತಪ್ಪಿದವರ ಅಗತ್ಯ ಇತ್ತೆಂಬುದು ನೆನಪಿರುವುದಿಲ್ಲ. ಆ ಕೆಲಸಕ್ಕೆ ನಾನು ಕೃತಜ್ಞ. ಆದರೆ ಆಶ್ರಯ ಕೊಟ್ಟವರೇ ಧಣಿಗಳೂ ಮನೆಯ ಒಡೆಯರೂ ಆದಾಗ, ಆಶ್ರಯ ಪಡೆದವನು ತಲೆಯೆತ್ತಿ ಮಾತಾಡುವುದು ಕಷ್ಟವಾಯಿತು. ಮಿಶನ್ನಿನ ಕಂಪೌಂಡು ಊರಿನಿಂದ ಬೇರೆಯಾಗಿ ಉಳಿಯಿತು. ಅತಿಥಿಯನ್ನು ಶಾಶ್ವತವಾಗಿ ಅತಿಥಿಯಾಗಿಯೇ ಇಟ್ಟರೆ ಅದು ಸತ್ಕಾರವಾಗುವುದಿಲ್ಲ. ಅವನೂ ಒಂದು ದಿನ ಮನೆಯವನಾಗಿ ಇನ್ನೊಬ್ಬರಿಗೆ ಬಡಿಸಬೇಕು, ಅಕ್ವಿಲ ಪ್ರಿಸ್ಕಿಲ್ಲರ ಹಾಗೆ.

ಇಂದಿನ ನಮ್ಮ ಮನೆಗಳಿಗೆ ಬರೋಣ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹಲ್ಲೆಯಾಗಲಿದೆ ಎಂಬ ವದಂತಿಗಳು ಹಬ್ಬಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಮಂತ್ರಿಗಳು ನಿಲ್ದಾಣಕ್ಕೇ ಹೋಗಿ ಭರವಸೆ ಕೊಟ್ಟರು. ಹಾಗೆ ಓಡಿದ ಯುವಜನರಲ್ಲಿ ಎಷ್ಟೋ ಜನ ಭಾನುವಾರ ನಮ್ಮದೇ ಬೆಂಚುಗಳಲ್ಲಿ ಕೂರುತ್ತಿದ್ದವರು. ಮಂತ್ರಿಯ ಭರವಸೆಗಿಂತ ಹತ್ತಿರದ ಭರವಸೆಯೊಂದಿತ್ತು: ಮನೆಯ ಯಜಮಾನ ಮಹಡಿ ಹತ್ತಿ, ‘ಎಲ್ಲಿಗೂ ಹೋಗಬೇಡಿ ಮಕ್ಕಳೇ, ಇವತ್ತು ರಾತ್ರಿ ಕೆಳಗೆ ನಮ್ಮ ಜೊತೆ ಊಟ ಮಾಡಿ’ ಎನ್ನುವುದು. ಲೆ ಶಾಂಬೋನ್‌ನ ಕೋಣೆ ಬಾಡಿಗೆಯ ಮನೆಗಳಲ್ಲಿ ಇದ್ದದ್ದು ಇದೇ ಅಧಿಕಾರ. ಬಾಡಿಗೆ ಕೇಳಿ ಬಂದವರ ಜಾತಿ, ಊಟ, ಹೆಸರು ವಿಚಾರಿಸಿ ‘ಮನೆ ಈಗಷ್ಟೇ ಹೋಯಿತು’ ಎಂದು ಸುಳ್ಳು ಹೇಳುವವರಲ್ಲಿ ಕ್ರೈಸ್ತ ಯಜಮಾನರೂ ಇದ್ದಾರೆ. ಕೆಲಸಕ್ಕೆ ಬರುವಾಕೆಗೆ ಬೇರೆ ಲೋಟ ಇಡುವ ಮನೆಗಳಲ್ಲಿ ಶಿಲುಬೆ ತೂಗುಹಾಕಿದ ಮನೆಗಳೂ ಇವೆ. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿದು, ಮನೆಗೆ ಬಂದು ಎರಡು ಲೋಟ ಇಡುವವರಿಗೆ ಆ ಭೋಜನ ಇನ್ನೂ ಇಳಿದಿಲ್ಲ ಎಂದೇ ನಾನು ಹೇಳುತ್ತೇನೆ.

ಒಂದು ಮಾತು ಗಂಡಸರಿಗೆ. ಅತಿಥಿ ಸತ್ಕಾರವನ್ನು ವೇದಿಕೆಯ ಮೇಲೆ ಹೊಗಳುವುದು ನಾವು, ಮಾಡುವುದು ಹೆಂಗಸರು. ನಾಲ್ಕು ಜನರನ್ನು ಕರೆದುಕೊಂಡು ಬಂದು ಪಡಸಾಲೆಯಲ್ಲಿ ಕೂತು ಬೈಬಲ್ ಚರ್ಚೆ ಮಾಡುವವನು ಅತಿಥಿ ಸತ್ಕಾರ ಮಾಡುತ್ತಿಲ್ಲ, ಮಾಡಿಸುತ್ತಿದ್ದಾನೆ. ಯೇಸು ಮನೆಗೆ ಬಂದಾಗ ತಂಗಿ ಮರಿಯ ಕೆಲಸಕ್ಕೆ ನೆರವಾಗುತ್ತಿಲ್ಲವೆಂದು ಮಾರ್ಥ ಹೇಳಿದ ದೂರನ್ನು ನಾವು ಬಹಳ ಬೇಗ ಮರಿಯಳ ಭಕ್ತಿಯ ಪಾಠವಾಗಿ ತಿರುಗಿಸಿಬಿಡುತ್ತೇವೆ. ಅಡುಗೆಮನೆಯಲ್ಲಿ ಒಬ್ಬಳೇ ಬೇಯುತ್ತಿರುವವಳ ದಣಿವು ಅಲ್ಲಿ ಬರೆದದ್ದು ಬರೆದ ಹಾಗೆಯೇ ಇದೆ. ಮಾಗ್ದಾ ತ್ರೋಕ್ಮೆಯವರ ಮನೆಯಲ್ಲಿ ನಾಲ್ಕು ಮಕ್ಕಳ ಜೊತೆ ಶಾಲೆಯ ಹುಡುಗರು, ಬಂದುಹೋಗುವ ನಿರಾಶ್ರಿತರು ಇರುತ್ತಿದ್ದರು. ಅವರು ಅದೇ ಶಾಲೆಯಲ್ಲಿ ಇಟಾಲಿಯನ್ ಪಾಠವನ್ನೂ ಹೇಳುತ್ತಿದ್ದರು. ಅವರ ಶಕ್ತಿಯನ್ನು ಕೊಂಡಾಡಿ ಸುಮ್ಮನಾಗುವ ಹಕ್ಕು ನಮಗಿಲ್ಲ. ಪಾತ್ರೆ ತೊಳೆಯುವ ಕೈಗಳಲ್ಲಿ ನಮ್ಮವೂ ಇರಬೇಕು.

ಹಾಗೆಂದು ಎಲ್ಲರಿಗೂ ಎಲ್ಲ ಹೊತ್ತೂ ಬಾಗಿಲು ತೆರೆದಿರಲಿ ಎಂದು ನಾನು ಹೇಳುತ್ತಿಲ್ಲ. ಮೊದಲ ಶತಮಾನಗಳ ಸಭೆಗಳಿಗಾಗಿ ಬರೆದ ‘ದಿದಖೆ’ ಎಂಬ ಕಿರುಗ್ರಂಥ ಇದನ್ನು ಚೆನ್ನಾಗಿ ಬಲ್ಲದು. ಊರೂರು ತಿರುಗುವ ಅಪೊಸ್ತಲ ಒಂದು ದಿನ, ಬೇಕಾದರೆ ಎರಡು ದಿನ ಇರಲಿ; ಮೂರನೆಯ ದಿನವೂ ಉಳಿದರೆ, ಹೊರಡುವಾಗ ಹಣ ಕೇಳಿದರೆ, ಅವನು ಸುಳ್ಳು ಪ್ರವಾದಿ ಎನ್ನುತ್ತದೆ. ಊರಲ್ಲೇ ನೆಲೆಸಬೇಕೆಂದು ಬಂದವನಿಗೆ ಕಸುಬು ಗೊತ್ತಿದ್ದರೆ ಕೆಲಸ ಮಾಡಿ ಉಣ್ಣಲಿ, ಗೊತ್ತಿಲ್ಲದಿದ್ದರೆ ಸಭೆ ವಿವೇಕದಿಂದ ದಾರಿ ಹುಡುಕಲಿ ಎನ್ನುತ್ತದೆ. ಮನೆಯಲ್ಲಿ ಹಸುಗೂಸು, ಹಾಸಿಗೆ ಹಿಡಿದ ಹಿರಿಯರು ಇದ್ದಾಗ ಮಿತಿ ಇರಲೇಬೇಕು. ಮಿತಿಯನ್ನು ಶಕ್ತಿ ನೋಡಿ ಹಾಕಿಕೊಳ್ಳೋಣ, ಬಂದವನ ಕುಲ ನೋಡಿ ಅಲ್ಲ.

ಈ ದತ್ತಿಯನ್ನು ಇರಿಸಿದ ಕುಟುಂಬದ ಹಿರಿಯರಲ್ಲಿಯೂ ಇಲ್ಲಿರುವ ಸಭಾಪಾಲಕರಲ್ಲಿಯೂ ನನ್ನದೊಂದು ಕೋರಿಕೆ ಇದೆ. ನಮ್ಮ ಊರುಗಳಿಗೆ ಓದಲು ಬರುವ ಹಳ್ಳಿಯ ಮಕ್ಕಳು, ದೊಡ್ಡಾಸ್ಪತ್ರೆಯಲ್ಲಿ ರೋಗಿಯನ್ನು ಸೇರಿಸಿ ವರಾಂಡದಲ್ಲಿ ಮಲಗುವ ಮನೆಯವರು, ಕಟ್ಟಡದ ಕೆಲಸಕ್ಕೆ ರಾಯಚೂರು ಕಲಬುರಗಿಗಳಿಂದ ಬರುವ ಕುಟುಂಬಗಳು, ಇವರಲ್ಲಿ ಒಬ್ಬರಿಗಾಗಿ ತಿಂಗಳಿಗೆ ಕೆಲವು ದಿನ ಕೋಣೆಯನ್ನೋ ಊಟವನ್ನೋ ಕೊಡಬಲ್ಲ ಮನೆಗಳ ಹೆಸರುಗಳನ್ನು ಪ್ರತಿ ಸಭೆಯೂ ಬರೆದಿಟ್ಟುಕೊಳ್ಳಲಿ. ಬರುವವರ ಮತ, ಜಾತಿ ಬರೆಯುವ ಕಾಲಂ ಆ ಪುಸ್ತಕದಲ್ಲಿ ಬೇಡ. ಮೊದಲ ಪುಟದಲ್ಲಿ ನನ್ನ ಮನೆಯ ಹೆಸರನ್ನು ಬರೆದುಕೊಳ್ಳಿ. ಆಸ್ಪತ್ರೆಗೆ ಹತ್ತಿರದಲ್ಲಿ ನಮ್ಮದೊಂದು ಕೋಣೆ ಖಾಲಿ ಇದೆ.